ದಡ್ಡನೆಂದು ಬಯ್ಯುವ ಮುನ್ನ

ಓದಲು ತೊಡಕುಳ್ಳ ಮಕ್ಕಳೂ ಅವರ ನೆರವಿಗಿರುವ ಮನಶ್ಶಾಸ್ತ್ರಜ್ಞರೂ

ಕಳೆದ ಮಳೆಗಾಲದ ಒಂದು ಸಂಜೆ ಪರಿಚಿತರೊಬ್ಬರು ತಮ್ಮ ಮಗನನ್ನು ಕರೆದುಕೊಂಡು ನಮ್ಮ ಕಾರ್ಯಾಲಯಕ್ಕೆ ಬಂದರು. ಅವರು ಮಾಟುಂಗಾದ ಕಡೆಯ ಒಂದು ಹೋಟೆಲಿನಲ್ಲಿ ಹದಿನೆಂಟು ವರ್ಷಗಳಿಂದ ಗಲ್ಲೆಯ ಮೇಲೆ ಕುಳಿತು ದುಡಿಯುತ್ತಿರುವವರು. ಸಂಸಾರ ಆಂಟಾಪ್ ಹಿಲ್‌ನಲ್ಲಿ. ಹುಡುಗನಿಗೆ ಹನ್ನೆರಡು ವರ್ಷ. ಇಂಗ್ಲಿಷ್ ಮಾಧ್ಯಮದಲ್ಲಿ ಆರನೆಯ ತರಗತಿ. ತಂದೆಯವರು ಮಗನ ಪ್ರಗತಿಪತ್ರವನ್ನು ಮೇಜಿನ ಮೇಲಿಟ್ಟು, "ಅಣ್ಣಾ, ಇವನಿಗೆ ಎರಡು ವರ್ಷ ಕಳೆದ ಮೇಲೆ ನಿಮ್ಮ ಪರಿಚಯದ ಯಾವುದಾದರೂ ಹೋಟೆಲಿನಲ್ಲಿ ಒಂದು ಕೆಲಸ ನೋಡಿಡಬೇಕು. ಓದು ಇವನ ಹಣೆಯಲ್ಲಿ ಬರೆದಿಲ್ಲ" ಎಂದರು.

ಹುಡುಗನು ನೆಲ ನೋಡುತ್ತ ನಿಂತಿದ್ದನು. ಅವನನ್ನು ಮಾತನಾಡಿಸುವುದಕ್ಕೆಂದು ಅವನ ತಂದೆಯ ಹೋಟೆಲಿನಲ್ಲಿ ಏನೇನು ತಿಂಡಿ ದೊರೆಯುತ್ತದೆ ಎಂದು ಕೇಳಿದೆ. ಇಡ್ಲಿಯಿಂದ ಮೊದಲ್ಗೊಂಡು ರವಾ ಮಸಾಲೆ ದೋಸೆಯವರೆಗೆ ಮೂವತ್ತಕ್ಕೂ ಮೀರಿದ ಪದಾರ್ಥಗಳನ್ನು ಅವುಗಳ ಕ್ರಯಸಹಿತ ಒಂದೂ ತಪ್ಪಿಲ್ಲದಂತೆ ಒಪ್ಪಿಸಿದನು. ರಜೆಯಲ್ಲಿ ತಂದೆಯ ಪಕ್ಕದಲ್ಲಿ ಕುಳಿತು ಕಿವಿಯಿಂದ ಕೇಳಿ ಕಲಿತದ್ದಂತೆ. ಬಳಿಕ ಅವನ ಇಂಗ್ಲಿಷ್ ಪಾಠಪುಸ್ತಕವನ್ನು ತೆರೆದು ಒಂದು ಸಾಲು ಓದಿಸಿದೆ. ಮೂರು ಶಬ್ದಗಳನ್ನು ದಾಟುವಷ್ಟರಲ್ಲಿ ಹಣೆಯಲ್ಲಿ ಬೆವರು ಮೂಡಿತು. ನಾಲ್ಕನೆಯ ಶಬ್ದದಲ್ಲಿ ನಿಂತುಬಿಟ್ಟನು.

ಇಂತಹ ನೆನಪಿನ ಶಕ್ತಿಯುಳ್ಳ ಹುಡುಗನು ದಡ್ಡನಾಗುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಹೇಳಬಲ್ಲವರು ಮುಂಬಯಿಯಲ್ಲಿ ಇದ್ದಾರೆ. ಅವರು ನಮ್ಮವರ ವಾಸಸ್ಥಾನಗಳಿಗೆ ತೀರ ಹತ್ತಿರದಲ್ಲೇ ಇದ್ದಾರೆ. ಆದರೂ ನಮ್ಮಲ್ಲಿ ನೂರಕ್ಕೆ ತೊಂಬತ್ತು ಮಂದಿ ಅವರ ಹೆಸರನ್ನೇ ಕೇಳಿದಂತಿಲ್ಲ. ಆದುದರಿಂದ ಈ ಲೇಖನ.

ಇದು ಹೊಸ ಮಾತಲ್ಲ

ಬುದ್ಧಿ ಚುರುಕಾಗಿದ್ದರೂ ಓದು ಹತ್ತದ ಮಕ್ಕಳುಂಟು ಎಂಬುದನ್ನು ವೈದ್ಯರು ಗುರುತಿಸಿ ನೂರಿಪ್ಪತ್ತೈದು ವರ್ಷಗಳು ಮೀರಿವೆ. 1896ರಲ್ಲಿ ಇಂಗ್ಲೆಂಡಿನ ಡಾ. ಪ್ರಿಂಗಲ್ ಮಾರ್ಗನ್ ಎಂಬವರು ಬ್ರಿಟಿಷ್ ವೈದ್ಯ ಪತ್ರಿಕೆಯೊಂದರಲ್ಲಿ ಹದಿನಾಲ್ಕು ವರ್ಷದ ಒಬ್ಬ ಹುಡುಗನ ವೃತ್ತಾಂತವನ್ನು ಬರೆದರು. ಆ ಹುಡುಗನು ಆಟಪಾಟಗಳಲ್ಲಿ ಯಾರಿಗೂ ಕಡಿಮೆಯಿಲ್ಲ, ಲೆಕ್ಕದಲ್ಲಿಯೂ ಜಾಣ. ಆದರೆ ಅಕ್ಷರಗಳು ಅವನಿಗೆ ವಶವಾಗುತ್ತಿರಲಿಲ್ಲ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆಯುವುದಾದರೆ ಶಾಲೆಗೆಲ್ಲ ಇವನೇ ಬುದ್ಧಿವಂತನಾಗುತ್ತಿದ್ದನು ಎಂದು ಅವನ ಮಾಸ್ತರರ ಅಭಿಪ್ರಾಯವಾಗಿತ್ತು. ಈ ತೊಡಕಿಗೆ ಇಂದು ಡಿಸ್ಲೆಕ್ಸಿಯಾ ಎಂದು ಹೆಸರು. ಬರವಣಿಗೆಯ ತೊಡಕಿಗೆ ಡಿಸ್‌ಗ್ರಾಫಿಯಾ, ಲೆಕ್ಕದ ತೊಡಕಿಗೆ ಡಿಸ್‌ಕ್ಯಾಲ್ಕುಲಿಯಾ ಎನ್ನುವರು. ಮೂರನ್ನೂ ಸೇರಿಸಿ ನಿರ್ದಿಷ್ಟ ಕಲಿಕಾ ನ್ಯೂನತೆ ಎಂದು ಕರೆಯುವುದು ವಾಡಿಕೆ. ಶಾಲೆಗೆ ಹೋಗುವ ಮಕ್ಕಳಲ್ಲಿ ನೂರಕ್ಕೆ 5ರಿಂದ 15ರಷ್ಟು ಮಂದಿಗೆ ಇದು ಇರುವುದೆಂದು ತಜ್ಞರ ಅಂದಾಜು. ಅಂದರೆ ಅರುವತ್ತು ಮಕ್ಕಳಿರುವ ಒಂದು ತರಗತಿಯಲ್ಲಿ ಕಡಿಮೆಯೆಂದರೂ ಮೂವರು.

ಮಕ್ಕಳ ಬುದ್ಧಿಯನ್ನು ಅಳೆಯುವ ಪರೀಕ್ಷೆಯನ್ನು 1905ರಲ್ಲಿ ಪ್ಯಾರಿಸ್ಸಿನ ಆಲ್ಫ್ರೆಡ್ ಬಿನೆ ಎಂಬವರು ರಚಿಸಿದರು. ಹಿಂದುಳಿದ ಮಕ್ಕಳನ್ನು ಗುರುತಿಸಿ ಅವರಿಗೆ ಬೇಕಾದ ಪಾಠ ಒದಗಿಸುವುದು ಅವರ ಉದ್ದೇಶವಾಗಿತ್ತು. ಮಕ್ಕಳಿಗೆ ದಡ್ಡರೆಂಬ ಮುದ್ರೆ ಒತ್ತುವುದಲ್ಲ. 1913ರಲ್ಲಿ ಲಂಡನ್ ನಗರದ ಆಡಳಿತವು ತನ್ನ ಶಾಲೆಗಳ ಮಕ್ಕಳನ್ನು ಪರೀಕ್ಷಿಸಲು ಸಿರಿಲ್ ಬರ್ಟ್ ಎಂಬ ಮನಶ್ಶಾಸ್ತ್ರಜ್ಞರನ್ನು ನೇಮಿಸಿತು. ಶೈಕ್ಷಣಿಕ ಮನಶ್ಶಾಸ್ತ್ರಜ್ಞ ಎಂಬ ಉದ್ಯೋಗಕ್ಕೆ ಅದೇ ಆರಂಭ.

ಇನ್ನು ಕನ್ನಡಿಗರು ಅಭಿಮಾನದಿಂದ ಕೇಳತಕ್ಕ ಒಂದು ಸಂಗತಿಯುಂಟು. ಬಿನೆಯವರ ಪರೀಕ್ಷೆಯನ್ನು ನಮ್ಮ ದೇಶದ ಮಕ್ಕಳಿಗೆ ಒಗ್ಗಿಸಿದ ಮೊದಲಿಗರಲ್ಲಿ ಒಬ್ಬರಾದ ಡಾ. ವಿ. ವಿ. ಕಾಮತರು ಅಂದಿನ ಮುಂಬಯಿ ಕರ್ನಾಟಕದಲ್ಲಿ ಕೆಲಸ ಮಾಡಿದವರು. 1934ರಲ್ಲಿ ಅವರು ಪ್ರಕಟಿಸಿದ ಪರೀಕ್ಷೆಯು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗಾಗಿಯೇ ಸಿದ್ಧವಾದುದು. 1940ರಲ್ಲಿ ಅದರ ಬಗ್ಗೆ ಅವರ ಗ್ರಂಥವೂ ಹೊರಬಂತು. ಬಿನೆ–ಕಾಮತ್ ಪರೀಕ್ಷೆ ಎಂಬ ಹೆಸರಿನಿಂದ ಅದು ದೇಶದ ಅನೇಕ ಚಿಕಿತ್ಸಾಲಯಗಳಲ್ಲಿ ಬಳಕೆಗೆ ಬಂತು. ಮುಂಬಯಿ ನಗರವೂ ಹಿಂದೆ ಬೀಳಲಿಲ್ಲ. ಇಂದು ದೇವನಾರಿನಲ್ಲಿರುವ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯು 1936ರಲ್ಲಿ ಸರ್ ದೊರಾಬ್ಜಿ ಟಾಟಾ ಅವರ ಹೆಸರಿನ ಶಾಲೆಯಾಗಿ ಆರಂಭವಾಯಿತಷ್ಟೆ. ಮರುವರ್ಷವೇ, ಅಂದರೆ 1937ರಲ್ಲಿ, ಅದು ಮಕ್ಕಳ ಮಾರ್ಗದರ್ಶನ ಚಿಕಿತ್ಸಾಲಯವೊಂದನ್ನು ತೆರೆಯಿತು.

ಪರೀಕ್ಷೆಯ ಕೋಣೆಯಲ್ಲಿ

ನಾನು ಹೇಳಿದ ಹುಡುಗನನ್ನು ಅವನ ತಂದೆತಾಯಿಗಳು ನಗರದ ಒಂದು ಮುನಿಸಿಪಲ್ ಆಸ್ಪತ್ರೆಗೆ ಕರೆದೊಯ್ದರು. ಮೊದಲ ದಿನ ಅವರೊಂದಿಗೆ ನಾನೂ ಹೋಗಿದ್ದೆನು. ಪರೀಕ್ಷೆಯೆಂದರೆ ಯಂತ್ರಗಳಿರಬಹುದು, ಸೂಜಿ ಚುಚ್ಚಬಹುದು ಎಂದು ತಾಯಿ ಹೆದರಿದ್ದರು. ಹಾಗೇನೂ ಇರಲಿಲ್ಲ. ಒಂದು ಮೇಜು, ಎರಡು ಕುರ್ಚಿ, ಬಣ್ಣದ ಮರದ ತುಂಡುಗಳು, ಕೆಲವು ಚಿತ್ರಗಳು, ಒಂದು ಗಡಿಯಾರ, ಇಷ್ಟೇ.

ಅಲ್ಲಿಯ ಮನಶ್ಶಾಸ್ತ್ರಜ್ಞೆಯವರು ಮೊದಲು ಮಾತನಾಡಿಸಿದ್ದು ತಂದೆತಾಯಿಗಳನ್ನು. ಹೆರಿಗೆ ಸುಸೂತ್ರವಾಯಿತೆ, ಮಗು ಎಷ್ಟು ತಿಂಗಳಿಗೆ ನಡೆಯಿತು, ಯಾವಾಗ ಮಾತು ಕಲಿಯಿತು, ಜ್ವರದಲ್ಲಿ ಸೆಳವು ಬಂದದ್ದುಂಟೆ, ಮನೆಯಲ್ಲಿ ಯಾವ ಭಾಷೆ, ಶಾಲೆ ಎಷ್ಟು ಸಲ ಬದಲಾಯಿತು, ಮನೆಯಲ್ಲಿ ಬೇರೆ ಯಾರಿಗಾದರೂ ಓದಿನ ಕಷ್ಟವಿತ್ತೆ ಎಂದೆಲ್ಲ ನಿಧಾನವಾಗಿ ವಿಚಾರಿಸಿದರು. ಕಣ್ಣು ಕಿವಿಗಳ ಪರೀಕ್ಷೆ ಆಗಲೇಬೇಕೆಂದರು. ಕಿವಿ ಮಂದವಾದ ಮಗುವೂ ಕಣ್ಣು ಮಂಜಾದ ಮಗುವೂ ದಡ್ಡರೆನಿಸಿಕೊಳ್ಳುವುದು ಸಾಮಾನ್ಯವಂತೆ. ಶಾಲೆಯ ನೋಟ್‌ಬುಕ್ಕುಗಳನ್ನು ತರಿಸಿಕೊಂಡು ನೋಡಿದರು. ಬಾಯಲ್ಲಿ ಸರಿಯಾಗಿ ಹೇಳಿದ ಉತ್ತರವೇ ಕಾಗದದ ಮೇಲೆ ಅಕ್ಷರಗಳು ಹಿಂದುಮುಂದಾಗಿ, ನಡುವೆ ಬಿಟ್ಟುಹೋಗಿ ಕುಳಿತಿತ್ತು. ಒಂದೇ ಪುಟದಲ್ಲಿ ಒಂದೇ ಶಬ್ದವು ಮೂರು ವಿಧದಲ್ಲಿ ಬರೆದಿತ್ತು.

ಆಮೇಲಿನ ದಿನಗಳಲ್ಲಿ ಹುಡುಗನ ಸರದಿ. ಮರದ ತುಂಡುಗಳನ್ನು ಚಿತ್ರದಂತೆ ಜೋಡಿಸುವುದು, ಹೇಳಿದ ಅಂಕಿಗಳನ್ನು ತಿರುಗಿ ಒಪ್ಪಿಸುವುದು, ಎರಡು ವಸ್ತುಗಳಿಗಿರುವ ಹೋಲಿಕೆ ಹೇಳುವುದು ಮುಂತಾದವು ಬುದ್ಧಿಯ ಅಳತೆಗೆ. ಅಕ್ಷರದ ಧ್ವನಿ ಹೇಳುವುದು, ಶಬ್ದ ಓದುವುದು, ಉಕ್ತಲೇಖನ, ಕೂಡುವುದು ಕಳೆಯುವುದು ಇವು ಕಲಿಕೆಯ ಅಳತೆಗೆ. ಈ ಎರಡು ಅಳತೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದೇ ಪರೀಕ್ಷೆಯ ತಿರುಳು. ಬುದ್ಧಿ ವಯಸ್ಸಿಗೆ ತಕ್ಕಷ್ಟಿದ್ದು, ಓದು ಬರಹ ಮಾತ್ರ ಇರಬೇಕಾದುದಕ್ಕಿಂತ ಎರಡು ತರಗತಿಗಳಷ್ಟು ಹಿಂದೆ ಬಿದ್ದಿದ್ದರೆ ಅದನ್ನು ಕಲಿಕಾ ನ್ಯೂನತೆಯೆಂದು ಎಣಿಸುವ ರೂಢಿ ಮುಂಬಯಿಯ ಚಿಕಿತ್ಸಾಲಯಗಳಲ್ಲಿ ಬೆಳೆದು ಬಂದಿದೆ. ಮನಶ್ಶಾಸ್ತ್ರಜ್ಞರೊಬ್ಬರೇ ಇದನ್ನು ತೀರ್ಮಾನಿಸುವುದಿಲ್ಲ. ಮಕ್ಕಳ ವೈದ್ಯರು, ವಿಶೇಷ ಶಿಕ್ಷಕರು, ಬೇಕಾದಲ್ಲಿ ಮನೋವೈದ್ಯರು, ಎಲ್ಲರೂ ಕೂಡಿ ನಿರ್ಣಯಿಸುವರು.

ಕೊನೆಯ ದಿನ ವರದಿಯನ್ನು ವಿವರಿಸಿದರು. ಹುಡುಗನ ಬುದ್ಧಿಯಲ್ಲಿ ಕೊರತೆಯಿಲ್ಲ, ಓದು ಮೂರನೆಯ ತರಗತಿಯ ಮಟ್ಟದಲ್ಲಿದೆ, ಡಿಸ್ಲೆಕ್ಸಿಯಾ ಉಂಟು. ತಾಯಿ ಅಳುವುದಕ್ಕೆ ತೊಡಗಿದರು. ಬಸುರಿಯಾಗಿದ್ದಾಗ ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದುದರಿಂದಲೇ ಹೀಗಾಯಿತೆಂದು ಊರಿನಲ್ಲಿ ಹಿರಿಯರು ಹೇಳಿದ್ದರಂತೆ. "ಅಮ್ಮಾ, ಇದು ನಿಮ್ಮ ತಪ್ಪಲ್ಲ, ಹುಡುಗನ ತಪ್ಪೂ ಅಲ್ಲ. ಮಿದುಳು ಅಕ್ಷರವನ್ನು ಗ್ರಹಿಸುವ ರೀತಿಯಲ್ಲಿ ಹುಟ್ಟಿನಿಂದಲೇ ಇರುವ ಒಂದು ಭೇದ. ಎಷ್ಟೋ ಸಂಸಾರಗಳಲ್ಲಿ ಇದು ಪೀಳಿಗೆಯಿಂದ ಪೀಳಿಗೆಗೆ ಬರುತ್ತದೆ" ಎಂದು ಮನಶ್ಶಾಸ್ತ್ರಜ್ಞೆಯವರು ಸಮಾಧಾನಪಡಿಸಿದರು.

ಆಗ ತಂದೆಯವರು, ಅಷ್ಟು ದಿನ ಯಾರಿಗೂ ಹೇಳದಿದ್ದ ಮಾತನ್ನು ಹೇಳಿದರು. ತಾವು ಐದನೆಯ ತರಗತಿಯಲ್ಲಿ ಶಾಲೆ ಬಿಟ್ಟದ್ದು ಬಡತನದಿಂದಲ್ಲ. ಮಾಸ್ತರರ ಬೆತ್ತಕ್ಕೆ ಹೆದರಿ. ಕನ್ನಡದ ಸಾಲು ಇಂದಿಗೂ ತಮಗೆ ಹರಿಯುವುದಿಲ್ಲ. ಗಲ್ಲೆಯ ಮೇಲೆ ಅಂಕಿಗಳಿಂದ ನಿಭಾಯಿಸುತ್ತಾರೆ. ದಿನವೂ ನಮ್ಮ ಪತ್ರಿಕೆಯನ್ನು ಕೊಂಡು ಪಕ್ಕದಲ್ಲಿಟ್ಟುಕೊಳ್ಳುವರು. ಮಧ್ಯಾಹ್ನ ಗಿರಾಕಿ ಕಡಿಮೆಯಾದಾಗ ಬೇರೊಬ್ಬರಿಂದ ಓದಿಸಿ ಕೇಳುವರು. ಹದಿನೆಂಟು ವರ್ಷಗಳ ಪರಿಚಯದಲ್ಲಿ ಇದು ನನ್ನ ಗಮನಕ್ಕೆ ಬಂದಿರಲಿಲ್ಲ.

ಕಾನೂನು ಏನನ್ನುತ್ತದೆ?

ಈ ವಿಷಯದಲ್ಲಿ ಮಹಾರಾಷ್ಟ್ರವು ಮುಂದಾಳಾದ ರಾಜ್ಯಗಳಲ್ಲೊಂದು. 1996ರಲ್ಲಿಯೇ ಇಲ್ಲಿಯ ಸರಕಾರವು ಇಂತಹ ಮಕ್ಕಳಿಗೆ ಪರೀಕ್ಷೆಗಳಲ್ಲಿ ಸೌಲಭ್ಯಗಳನ್ನು ಮಂಜೂರು ಮಾಡಿತು. ಕಾಲಮಿತಿಯಲ್ಲಿ ಕಾಲುಭಾಗದಷ್ಟು ಹೆಚ್ಚಳ, ಕಾಗುಣಿತದ ತಪ್ಪಿಗೆ ಅಂಕ ಕಳೆಯದಿರುವುದು, ಒಂದು ಭಾಷೆಯನ್ನು ಬಿಟ್ಟು ಅದರ ಬದಲಿಗೆ ಕಾರ್ಯಾನುಭವದ ವಿಷಯ, ಬೀಜಗಣಿತ ರೇಖಾಗಣಿತಗಳ ಬದಲು ಏಳನೆಯ ತರಗತಿಯ ಮಟ್ಟದ ಗಣಿತ, ಇವು ಅವುಗಳಲ್ಲಿ ಮುಖ್ಯವಾದವು. ಅದೇ 1996ರಲ್ಲಿ ಮಹಾರಾಷ್ಟ್ರ ಡಿಸ್ಲೆಕ್ಸಿಯಾ ಸಂಘವೂ ಮುಂಬಯಿಯಲ್ಲಿ ಸ್ಥಾಪನೆಯಾಯಿತು. ಸಯನ್ನಿನ ಲೋಕಮಾನ್ಯ ತಿಲಕ್ ಆಸ್ಪತ್ರೆ, ಪರೇಲದ ಕೆ.ಇ.ಎಂ., ಮುಂಬಯಿ ಸೆಂಟ್ರಲ್‌ನ ನಾಯರ್, ಈ ಮೂರು ಮುನಿಸಿಪಲ್ ಆಸ್ಪತ್ರೆಗಳಲ್ಲಿಯೂ ಕಲಿಕಾ ನ್ಯೂನತೆಯ ಚಿಕಿತ್ಸಾಲಯಗಳು ನಡೆದು ಬಂದಿವೆ. ಸಯನ್ನಿನಲ್ಲಿಯೂ ಬಳಿಕ ಕೆ.ಇ.ಎಂ.ನಲ್ಲಿಯೂ ಈ ಕೆಲಸವನ್ನು ಬೆಳೆಸಿದ ಮಕ್ಕಳ ವೈದ್ಯ ಡಾ. ಸುನಿಲ್ ಕರಂದೆಯವರ ಸಂಶೋಧನಾ ಲೇಖನಗಳನ್ನು ವಿದ್ಯಾವಂತ ವಾಚಕರು ಹುಡುಕಿ ಓದಬಹುದು. 2001ರಲ್ಲಿ ಡಾ. ವಿಭಾ ಕೃಷ್ಣಮೂರ್ತಿಯವರು ಸ್ಥಾಪಿಸಿದ ಉಮ್ಮೀದ್ ಎಂಬ ಸಂಸ್ಥೆಯು ಬೆಳವಣಿಗೆಯಲ್ಲಿ ತೊಡಕುಳ್ಳ ಮಕ್ಕಳಿಗಾಗಿ ಈ ನಗರದಲ್ಲೇ ದುಡಿಯುತ್ತಿದೆ. 2007ರ ಡಿಸೆಂಬರಿನಲ್ಲಿ ಬಂದ 'ತಾರೇ ಜಮೀನ್ ಪರ್' ಚಿತ್ರವನ್ನು ನಮ್ಮವರು ಅನೇಕರು ನೋಡಿ ಕಣ್ಣೊರೆಸಿಕೊಂಡದ್ದುಂಟು. ಆದರೆ ಆ ಚಿತ್ರದ ಹುಡುಗನು ತಮ್ಮ ಮನೆಯಲ್ಲಿಯೂ ಇರಬಹುದೆಂದು ಯೋಚಿಸಿದವರು ವಿರಳ.

ದೇಶದ ಮಟ್ಟದಲ್ಲಿ, 2016ರ ಡಿಸೆಂಬರಿನಲ್ಲಿ ಅಂಗೀಕೃತವಾಗಿ 2017ರ ಏಪ್ರಿಲಿನಿಂದ ಜಾರಿಗೆ ಬಂದ ಅಂಗವಿಕಲರ ಹಕ್ಕುಗಳ ಅಧಿನಿಯಮವು 21 ಬಗೆಯ ನ್ಯೂನತೆಗಳಲ್ಲಿ ಇದನ್ನೂ ಸೇರಿಸಿತು. 2018ರಲ್ಲಿ ಕೇಂದ್ರ ಸರಕಾರ ಹೊರಡಿಸಿದ ಮಾರ್ಗಸೂಚಿಯು ಎಂಟು ವರ್ಷ ತುಂಬಿದ ಮೇಲೆ ಪ್ರಮಾಣಪತ್ರ ಕೊಡಬಹುದೆಂದೂ, 14 ಮತ್ತು 18ನೆಯ ವಯಸ್ಸಿನಲ್ಲಿ ಪುನಃ ಪರೀಕ್ಷೆ ಆಗಬೇಕೆಂದೂ ವಿಧಿಸಿತು. ಇನ್ನೊಂದನ್ನೂ ನೆನಪಿಡತಕ್ಕದ್ದು: ಶಾಲೆಯಲ್ಲಿ ಮಗುವನ್ನು ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ 2009ರ ಶಿಕ್ಷಣ ಹಕ್ಕಿನ ಕಾನೂನು ನಿಷೇಧಿಸಿದೆ.

ನಮ್ಮವರಿಗೆ ಇರುವ ವಿಶೇಷ ತೊಡಕು

ನಮ್ಮ ಮಕ್ಕಳ ಸ್ಥಿತಿಯಲ್ಲಿ ಒಂದು ಸೂಕ್ಷ್ಮವುಂಟು. ಮನೆಯಲ್ಲಿ ತುಳುವೋ ಕನ್ನಡವೋ ಕೊಂಕಣಿಯೋ, ಬೀದಿಯಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್, 2020ರ ಕಾನೂನಿನ ಪ್ರಕಾರ ಎಲ್ಲ ಶಾಲೆಗಳಲ್ಲಿಯೂ ಮರಾಠಿ. ಊರಿನ ಕನ್ನಡ ಶಾಲೆಯಲ್ಲಿ ಮೂರನೆಯ ತರಗತಿ ಓದಿದ ಮಗುವನ್ನು ಒಮ್ಮೆಲೇ ಇಲ್ಲಿಯ ಇಂಗ್ಲಿಷ್ ಶಾಲೆಗೆ ಹಾಕಿದರೆ ಅದು ತಡವರಿಸದೆ ಇನ್ನೇನಾದೀತು? ಅದು ನ್ಯೂನತೆಯಲ್ಲ. ಹೊಸ ಹೋಟೆಲಿಗೆ ಸೇರಿದ ಸಪ್ಲಾಯರನಿಗೆ ಮೊದಲ ವಾರ ಮೇಜಿನ ನಂಬರು ತಪ್ಪುವುದಿಲ್ಲವೆ? ಹಾಗೆಯೇ ಇದು. ಭಾಷೆಯ ಪರಿಚಯ ಸಾಲದೆ ಆಗುವ ತಡವರಿಕೆಯನ್ನೂ ನಿಜವಾದ ಡಿಸ್ಲೆಕ್ಸಿಯಾವನ್ನೂ ಬೇರ್ಪಡಿಸುವುದು ಮನಶ್ಶಾಸ್ತ್ರಜ್ಞರ ಕೆಲಸದಲ್ಲಿ ಬಹು ಕಷ್ಟದ ಭಾಗ. ಆದುದರಿಂದ ಮನೆಮಾತು ಯಾವುದು, ಮಾಧ್ಯಮ ಎಂದು ಬದಲಾಯಿತು ಎಂಬುದನ್ನು ಮುಚ್ಚಿಡದೆ ಹೇಳಬೇಕು. "ಮನೆಯಲ್ಲಿ ಇಂಗ್ಲಿಷೇ ಮಾತನಾಡುತ್ತೇವೆ" ಎಂಬ ಹುಸಿ ದೊಡ್ಡಸ್ತಿಕೆ ಅಲ್ಲಿ ಮಗುವಿಗೇ ಮುಳುವು.

ಕನ್ನಡ ಲಿಪಿಗೂ ಇಂಗ್ಲಿಷಿಗೂ ಭೇದವುಂಟು. ಇಂಗ್ಲಿಷಿನಲ್ಲಿ ಅಕ್ಷರಗಳು ಇಪ್ಪತ್ತಾರೇ. ಆದರೆ ಬರೆಯುವುದೊಂದು, ಉಚ್ಚರಿಸುವುದೊಂದು. ಕನ್ನಡದಲ್ಲಿ ಬರೆದಂತೆಯೇ ಉಚ್ಚಾರ. ಆದರೆ ಕಾಗುಣಿತ, ಒತ್ತಕ್ಷರಗಳೆಲ್ಲ ಸೇರಿ ನೂರಾರು ರೂಪಗಳು. ಬೆಂಗಳೂರಿನ ಸಂಶೋಧಕಿ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕನ್ನಡದ ಅಕ್ಷರಗಳನ್ನೆಲ್ಲ ಕರಗತ ಮಾಡಿಕೊಳ್ಳಲು ಸಾಮಾನ್ಯ ಮಕ್ಕಳಿಗೂ ಕೆಲವು ವರ್ಷಗಳು ಬೇಕಾಗುತ್ತವೆ. ಆದುದರಿಂದ ಒಂದನೆಯ ತರಗತಿಯ ಮಗು ಒತ್ತಕ್ಷರ ತಪ್ಪಿದರೆ ಗಾಬರಿಯಾಗಬೇಕಾಗಿಲ್ಲ. ಕನ್ನಡದಲ್ಲಿಯೇ ಪರೀಕ್ಷಿಸುವ ಸಾಧನಗಳು ಮೊದಲು ವಿರಳವಾಗಿದ್ದವು. 2015ರಲ್ಲಿ ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರವು ಹೊರತಂದ 'ಡಾಲಿ' ಎಂಬ ಪರೀಕ್ಷೆಯಲ್ಲಿ ಹಿಂದಿ, ಮರಾಠಿ, ಇಂಗ್ಲಿಷುಗಳ ಜೊತೆಗೆ ಕನ್ನಡವೂ ಸೇರಿರುವುದು ಸಂತೋಷದ ವಿಷಯ.

ಎರಡನೆಯ ತೊಡಕು ನಮ್ಮ ಕಸುಬಿನದು. ಬೆಳಗ್ಗೆ ಐದಕ್ಕೆ ಮನೆ ಬಿಟ್ಟು ರಾತ್ರಿ ಹನ್ನೊಂದಕ್ಕೆ ಮರಳುವ ತಂದೆಯು ಮಗುವಿನ ಮುಖ ನೋಡುವುದು ವಾರಕ್ಕೊಮ್ಮೆ ರಜೆಯ ದಿನ. ಆ ದಿನವೂ ಪ್ರಗತಿಪತ್ರ ಕಂಡು ಕೈಯೆತ್ತಿದರೆ ಮಗುವಿಗೆ ತಂದೆಯೆಂದರೆ ಪೆಟ್ಟು ಎಂದೇ ಅರ್ಥವಾಗುವುದು. ಇನ್ನು ಆಸ್ಪತ್ರೆಯ ಪರೀಕ್ಷೆಯು ಒಂದು ದಿನದಲ್ಲಿ ಮುಗಿಯುವಂಥದ್ದಲ್ಲ. ಹಲವು ಸಲ ಹೋಗಬೇಕು, ಸರದಿಗಾಗಿ ಕಾಯಬೇಕು. ರಜೆ ದೊರೆಯದೆ ನಡುವೆಯೇ ಕೈಬಿಟ್ಟವರುಂಟು.

ಮನೆಯಲ್ಲಿ ಮಾಡತಕ್ಕದ್ದು

ಮನಶ್ಶಾಸ್ತ್ರಜ್ಞೆಯವರು ಆ ತಂದೆತಾಯಿಗಳಿಗೆ ಹೇಳಿದ ಮಾತುಗಳನ್ನು ವಾಚಕರ ಉಪಯೋಗಕ್ಕಾಗಿ ಇಲ್ಲಿ ಸಂಗ್ರಹಿಸಿದ್ದೇನೆ.

ಒಂದನೆಯದಾಗಿ, ಇದಕ್ಕೆ ಟಾನಿಕ್ಕಾಗಲಿ ಮಾತ್ರೆಯಾಗಲಿ ಇಲ್ಲ. ನೆನಪಿನ ಶಕ್ತಿಯ ಔಷಧವೆಂದು ಮಾರುವವರಿಗೆ ಹಣ ಸುರಿಯಬೇಡಿ. ಇದಕ್ಕೆ ಮದ್ದು ಪಾಠವೇ. ವಿಶೇಷ ಶಿಕ್ಷಕರು ಧ್ವನಿಗೂ ಅಕ್ಷರಕ್ಕೂ ಇರುವ ಸಂಬಂಧವನ್ನು ಮೆಟ್ಟಲು ಮೆಟ್ಟಲಾಗಿ, ವಾರಕ್ಕೆ ಎರಡು ಮೂರು ಸಲ, ತಿಂಗಳುಗಟ್ಟಲೆ ಕಲಿಸಬೇಕಾಗುತ್ತದೆ. ಎರಡನೆಯದಾಗಿ, ಪಾಠವನ್ನು ಮಗುವಿಗೆ ಓದಿ ಹೇಳಿ. ಕಿವಿಯಿಂದ ಬರುವ ವಿದ್ಯೆಯೂ ವಿದ್ಯೆಯೇ. ತಾಯಿಗೆ ಇಂಗ್ಲಿಷ್ ಬಾರದಿದ್ದರೆ ಕನ್ನಡದಲ್ಲಿ ಅರ್ಥ ಹೇಳಿದರೂ ಆದೀತು. ಮೂರನೆಯದಾಗಿ, ತಪ್ಪಿದ ಶಬ್ದವನ್ನು ನೂರು ಸಲ ಬರೆಸುವ ಶಿಕ್ಷೆ ಬೇಡ. ಹತ್ತು ನಿಮಿಷದ ದಿನನಿತ್ಯದ ಓದು ಸಾಕು. ನಾಲ್ಕನೆಯದಾಗಿ, ಅಣ್ಣತಮ್ಮಂದಿರೊಡನೆ, ಪಕ್ಕದ ಮನೆಯ ಮಕ್ಕಳೊಡನೆ ಹೋಲಿಸಬೇಡಿ. ಐದನೆಯದಾಗಿ, ಮಗುವಿಗೆ ಚೆನ್ನಾಗಿ ಬರುವ ಒಂದು ವಿಷಯವನ್ನು, ಅದು ಚಿತ್ರವಾಗಲಿ ಕಬಡ್ಡಿಯಾಗಲಿ ಯಕ್ಷಗಾನದ ಹೆಜ್ಜೆಯಾಗಲಿ, ಓದಿಗೆ ದಂಡವೆಂದು ನಿಲ್ಲಿಸಬೇಡಿ. ಅದೊಂದರಿಂದಲೇ ಅದಕ್ಕೆ ತನ್ನ ಮೇಲೆ ನಂಬಿಕೆ ಉಳಿದಿರುತ್ತದೆ.

ಮಗು ಬಹಳ ಕುಗ್ಗಿದ್ದರೆ, ಶಾಲೆಯ ಹೆಸರೆತ್ತಿದೊಡನೆ ಹೊಟ್ಟೆನೋವೆಂದು ಮಲಗುತ್ತಿದ್ದರೆ, ಯಾರೊಡನೆಯಾದರೂ ಮಾತನಾಡಲೇಬೇಕು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರಕಾರದ ಸೇವೆಗೆ 14416 ನಂಬರಿನಲ್ಲಿ ಉಚಿತವಾಗಿ ಫೋನು ಮಾಡಬಹುದು, ಕನ್ನಡದಲ್ಲಿಯೂ ಮಾತನಾಡಬಹುದು.

ಪ್ರಮಾಣಪತ್ರದ ಬಗ್ಗೆ ಒಂದು ಎಚ್ಚರಿಕೆಯ ಮಾತು. ಅದು ಅಂಕ ಗಳಿಸುವ ಅಡ್ಡದಾರಿಯಲ್ಲ. ಪಾಠವನ್ನು ಕಡೆಗಣಿಸಿ ಕಾಗದವೊಂದನ್ನು ಮಾತ್ರ ಹಿಡಿದುಕೊಂಡರೆ ಮಗು ಪರೀಕ್ಷೆ ದಾಟೀತು, ಓದು ಕಲಿಯಲಾರದು.

ಹೋಟೆಲಿನ ಧನಿಗಳಿಗೆ ಒಂದು ಬಿನ್ನಹ

ಕೊನೆಯಲ್ಲಿ ನನ್ನದೇ ಒಂದು ಕಥೆ. ಎಸ್.ಎಸ್.ಎಲ್.ಸಿ. ಮುಗಿಸಿ ಈ ನಗರಕ್ಕೆ ಬಂದವನು ನಾನು. ಲೇಖನಿ ಹಿಡಿಯುವ ಮುನ್ನ ಹೋಟೆಲು ನಡೆಸಿದವನು. 2004ರ ಸುಮಾರಿಗೆ ನನ್ನ ಹೋಟೆಲಿನಲ್ಲಿ ಬೈಂದೂರಿನ ಕಡೆಯ ಹದಿನಾರು ವರ್ಷದ ಹುಡುಗನೊಬ್ಬನಿದ್ದನು. ಹನ್ನೆರಡು ಮೇಜುಗಳ ಆರ್ಡರನ್ನು ಚೀಟಿಯಿಲ್ಲದೆ ಬಾಯಲ್ಲಿಟ್ಟುಕೊಂಡು ಬರುತ್ತಿದ್ದನು. ಒಂದು ಕಾಫಿಯೂ ತಪ್ಪಿದ್ದಿಲ್ಲ. ಅವನನ್ನು ರಾತ್ರಿಶಾಲೆಗೆ ಸೇರಿಸಿದೆ. ರಾತ್ರಿಶಾಲೆಗಳಲ್ಲಿ ಕಲಿತು ಗುಮಾಸ್ತರಾದವರು, ವಕೀಲರಾದವರು ನಮ್ಮಲ್ಲಿ ಎಷ್ಟಿಲ್ಲ? ಇವನೂ ಹಾಗಾಗಲಿ ಎಂದು ನನ್ನ ಆಸೆ. ವರ್ಷ ಕಳೆದರೂ ಅವನಿಗೆ ಒಂದು ಪುಟ ಓದಲು ಬರಲಿಲ್ಲ. ಒಂದು ದಿನ ಗಿರಾಕಿಗಳ ಎದುರಿನಲ್ಲಿಯೇ, "ಫೀಸು ದಂಡ, ನಿನ್ನ ಮಂಡೆಯಲ್ಲಿ ಸಗಣಿ ತುಂಬಿದೆ" ಎಂದು ಬೈದುಬಿಟ್ಟೆ. ಅವನು ಮರುಮಾತಾಡಲಿಲ್ಲ. ಮರುವಾರ ತನ್ನ ಟ್ರಂಕು ಹಿಡಿದು ಹೊರಟುಹೋದನು. ಸಯನ್ ಆಸ್ಪತ್ರೆಯು ನನ್ನ ಹೋಟೆಲಿನಿಂದ ಬಸ್ಸಿನಲ್ಲಿ ಇಪ್ಪತ್ತು ನಿಮಿಷದ ದಾರಿ. ಅಲ್ಲಿ ಇಂತಹ ಮಕ್ಕಳನ್ನು ನೋಡುವವರಿದ್ದಾರೆಂದು ನನಗೆ ಅಂದು ತಿಳಿದಿರಲಿಲ್ಲ. ತಿಳಿಯಲು ಯತ್ನಿಸಿದವನೂ ಅಲ್ಲ.

ಹದಿನಾಲ್ಕು ತುಂಬದ ಮಕ್ಕಳನ್ನು ಹೋಟೆಲಿನಲ್ಲಿ ದುಡಿಸುವುದು 2006ರ ಅಕ್ಟೋಬರ್ 10ರಿಂದ ನಿಷಿದ್ಧವಾಗಿದೆ. ಅದು ಸರಿಯೇ. ಆದರೆ ಓದು ಹತ್ತದ ಹುಡುಗನಿಗೆ ಹೋಟೆಲೇ ಗತಿ ಎಂಬ ಭಾವನೆಯು ನಮ್ಮ ಮನಸ್ಸಿನಿಂದ ಇನ್ನೂ ಹೋಗಿಲ್ಲ. ಹೋಟೆಲು ಗೌರವದ ಕಸುಬು. ಅದನ್ನು ಆರಿಸಿಕೊಂಡು ಬರಲಿ, ಶಾಲೆಗೆ ಹೆದರಿ ಓಡಿ ಬರುವುದು ಬೇಡ. ಆದುದರಿಂದ ಧನಿಗಳಲ್ಲಿ ನನ್ನ ಬಿನ್ನಹವಿಷ್ಟೆ: ನಿಮ್ಮ ಕೆಲಸಗಾರನು ಮಗುವನ್ನು ಆಸ್ಪತ್ರೆಗೆ ಕರೆದೊಯ್ಯಬೇಕೆಂದು ಕೇಳಿದರೆ ಅರ್ಧ ದಿನದ ರಜೆಯನ್ನು ಸಂಬಳ ಕಡಿಯದೆ ಕೊಡಿ. ನಮ್ಮ ಜಾತಿಸಂಘಗಳೂ ಕನ್ನಡ ಸಂಘಗಳೂ ಪ್ರತಿವರ್ಷ ನೂರಕ್ಕೆ ತೊಂಬತ್ತು ಗಳಿಸಿದ ಮಕ್ಕಳಿಗೆ ಶಾಲು ಹೊದೆಸಿ ಬಹುಮಾನ ಹಂಚುತ್ತವೆ. ಮೂವತ್ತು ಗಳಿಸಿದ ಮಗುವಿನ ಪರೀಕ್ಷೆಗೂ ವಿಶೇಷ ಪಾಠಕ್ಕೂ ಆ ನಿಧಿಯಲ್ಲಿ ಸ್ವಲ್ಪ ಭಾಗವನ್ನು ತೆಗೆದಿರಿಸಿದರೆ ಅದು ಇನ್ನೂ ದೊಡ್ಡ ವಿದ್ಯಾದಾನವಾದೀತು.

ಆಂಟಾಪ್ ಹಿಲ್‌ನ ಹುಡುಗನು ಈಗ ವಾರಕ್ಕೆರಡು ಸಲ ವಿಶೇಷ ಪಾಠಕ್ಕೆ ಹೋಗುತ್ತಿದ್ದಾನೆ. ಪವಾಡವೇನೂ ನಡೆದಿಲ್ಲ, ಓದು ಇನ್ನೂ ನಿಧಾನ. ಆದರೆ ಈಗ ನಾಲ್ಕನೆಯ ಶಬ್ದದಲ್ಲಿ ನಿಂತುಬಿಡುವುದಿಲ್ಲ. ತಂದೆಯವರು ಅವನಿಗೆ ಕೆಲಸ ನೋಡಿಡಿ ಎಂಬ ಮಾತನ್ನು ಮತ್ತೆ ಎತ್ತಿಲ್ಲ.

ಬೈಂದೂರಿನ ಕಡೆಯ ಆ ನನ್ನ ಹುಡುಗನಿಗೆ ಇಂದು ಮೂವತ್ತೈದು ದಾಟಿರಬೇಕು, ಮಕ್ಕಳೂ ಇರಬಹುದು. ಎಲ್ಲಿ ಇದ್ದಾನೋ ತಿಳಿಯದು. ಹೋಟೆಲೊಂದರಲ್ಲಿ ಕೆಲಸದಲ್ಲಿದ್ದರೆ ಮಧ್ಯಾಹ್ನ ಗಿರಾಕಿ ಕಡಿಮೆಯಾದ ಹೊತ್ತಿನಲ್ಲಿ ಯಾರಾದರೂ ಈ ಲೇಖನವನ್ನು ಅವನಿಗೆ ಗಟ್ಟಿಯಾಗಿ ಓದಿ ಹೇಳಲಿ. ತಪ್ಪು ಅವನದಾಗಿರಲಿಲ್ಲ, ನನ್ನದಾಗಿತ್ತು.